ಕೋಟೆ ತಂಡ ಬರಲಿಲ್ಲ ಎಂದು ಬರೆದವಳು ನಾನೇ

ಆ ಪಟ್ಟಿಗೆ ಸಹಿ ಹಾಕುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮೂರು ಜನರ ಸಮಿತಿಯಲ್ಲಿ ಎಲ್ಲರಿಗಿಂತ ಜೋರಾಗಿ ವಾದ ಮಾಡಿದವಳು ನಾನು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಪಟ್ಟಿಯ ನಕಲನ್ನು ಮುಂದಿಟ್ಟುಕೊಂಡು, ನನ್ನದೇ ಸಹಿ ನೋಡುತ್ತಾ ಕೂತಿದ್ದೆ.

ನಾನು ಹುಣಸೂರಿನ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಕಳೆದ ಮಳೆಗಾಲದಲ್ಲಿ ನಮ್ಮ ವಲಯದ ಮಹಿಳಾ ಫುಟ್‌ಬಾಲ್ ಪಂದ್ಯಗಳನ್ನು ನಡೆಸಿಕೊಡುವ ಜವಾಬ್ದಾರಿ ನನಗೆ ಬಂತು. ಒಟ್ಟು ಐದು ತಂಡ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಒಂದೊಂದು, ಹುಣಸೂರಿನಿಂದ ಎರಡು. ಎಲ್ಲರೂ ಎಲ್ಲರ ಮೇಲೂ ಒಂದೊಂದು ಸಲ ನಮ್ಮ ಕಾಲೇಜಿನ ಮೈದಾನದಲ್ಲೇ ಆಡಬೇಕು. ಕೊನೆಗೆ ಎರಡು ತಂಡ ಮೈಸೂರಿನ ನಾಕೌಟ್ ಸುತ್ತಿಗೆ ಹೋಗುತ್ತವೆ. ಅಂಕದಲ್ಲಿ ಮೊದಲು ಬಂದವರು ನೇರವಾಗಿ ಹೋಗುತ್ತಾರೆ. ಎರಡನೆಯ ತಂಡವನ್ನು ಮಾತ್ರ ಸಮಿತಿ ಕೂತು ಆರಿಸಬೇಕು. ಮಳೆಯಿಂದ ಎಷ್ಟೋ ಪಂದ್ಯ ಅರ್ಧಕ್ಕೇ ನಿಲ್ಲುವುದರಿಂದ ಬರೀ ಅಂಕ ನೋಡಿ ಕಳಿಸಬೇಡಿ, ಆಟ ನೋಡಿ, ಶಿಸ್ತು ನೋಡಿ ಎಂದು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಬರೆದಿತ್ತು.

ಮೊದಲನೆಯ ಸ್ಥಾನಕ್ಕೆ ತಕರಾರೇ ಇರಲಿಲ್ಲ. ಪಿರಿಯಾಪಟ್ಟಣದ ತಂಡ ನಾಲ್ಕಕ್ಕೆ ನಾಲ್ಕೂ ಗೆದ್ದಿತು. ಅವರಲ್ಲಿ ಅರ್ಧಕ್ಕರ್ಧ ಟಿಬೆಟನ್ ಕ್ಯಾಂಪಿನ ಹುಡುಗಿಯರು. ನಡೆಯಲು ಕಲಿತ ದಿನದಿಂದ ಚೆಂಡು ಒದ್ದವರು. ನಮ್ಮ ಹುಣಸೂರಿನ ತಂಡಗಳೆರಡೂ ಸೋತು ತಳದಲ್ಲಿದ್ದವು. ಉಳಿದದ್ದು ಕೆ.ಆರ್. ನಗರ ಮತ್ತು ಕೋಟೆ. ಅವರಿಬ್ಬರೂ ಒಬ್ಬರ ಮೇಲೊಬ್ಬರು ಆಡಬೇಕಾದ ಪಂದ್ಯವೇ ಕೊನೆಯದು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಗೊತ್ತು ಮಾಡಿದ್ದೆವು.

ಮಂಗಳವಾರ ನಮ್ಮ ಪ್ರಿನ್ಸಿಪಾಲರು ಕರೆದು, ಶುಕ್ರವಾರ ಹಳೆಯ ವಿದ್ಯಾರ್ಥಿಗಳ ಸಮಾವೇಶ, ಮೈದಾನಕ್ಕೆ ಶಾಮಿಯಾನ ಹಾಕಿಸಬೇಕು ಎಂದರು. ಪಂದ್ಯವನ್ನು ಒಂದು ದಿನ ಹಿಂದಕ್ಕೆ ತಂದು ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಇಟ್ಟೆ. ತಂಡಗಳ ತರಬೇತುದಾರರಿಗೆಂದು ಮಾಡಿದ್ದ ವಾಟ್ಸಾಪ್ ಗುಂಪಿಗೆ ಹೊಸ ವೇಳಾಪಟ್ಟಿ ಹಾಕಿದೆ. ಸರಿ ಎಂದು ಹೆಬ್ಬೆರಳು ಎತ್ತಿದ ಗುರುತುಗಳು ಬಂದವು. ಆ ಕೆಲಸ ಮುಗಿಯಿತು ಅಂದುಕೊಂಡು ಶಾಮಿಯಾನದವರ ಹತ್ತಿರ ಹೋದೆ.

ಗುರುವಾರ ಕೆ.ಆರ್. ನಗರದವರು ಒಂಬತ್ತಕ್ಕೇ ಬಂದರು. ಭೇರ್ಯದ ಮೂರು ಹುಡುಗಿಯರು, ಚುಂಚನಕಟ್ಟೆಯ ಇಬ್ಬರು ಆರು ಗಂಟೆಯ ಬಸ್ಸು ಹಿಡಿದು ಬಂದಿದ್ದರು. ಕೋಟೆಯವರ ಸುಳಿವಿಲ್ಲ. ಒಂಬತ್ತೂವರೆ ಆಯಿತು. ಕೋಟೆಯ ತರಬೇತುದಾರನಿಗೆ ಫೋನ್ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಅವನ ಊರು ವೀರನಹೊಸಹಳ್ಳಿಯ ಹತ್ತಿರ, ಕಾಡಂಚು. ಸಿಗ್ನಲ್ ಇರುವುದಿಲ್ಲ, ದಾರಿಯಲ್ಲಿರಬೇಕು ಅಂದುಕೊಂಡೆ. ನಿಯಮದಂತೆ ಅರ್ಧ ಗಂಟೆ ಕಾಯಬೇಕು. ರೆಫರಿ ಮೈದಾನದ ನಡುವೆ ಚೆಂಡು ಇಟ್ಟುಕೊಂಡು ಗಡಿಯಾರ ನೋಡುತ್ತಾ ನಿಂತರು. ಹತ್ತಕ್ಕೆ ಸೀಟಿ ಊದಿದರು. ನಾನು ಪಂದ್ಯದ ಹಾಳೆಯಲ್ಲಿ ‘ಕೋಟೆ ತಂಡ ಬರಲಿಲ್ಲ, ಎದುರಾಳಿಗೆ ವಾಕೋವರ್’ ಎಂದು ಬರೆದು, ಮಧ್ಯಾಹ್ನ ಅವರ ಕಾಲೇಜಿನ ಕಚೇರಿಗೆ ಒಂದು ಇಮೇಲ್ ಕಳಿಸಿದೆ. ಅವರಿಂದ ತಕರಾರೂ ಬರಲಿಲ್ಲ, ವಿವರಣೆಯೂ ಬರಲಿಲ್ಲ. ತಪ್ಪು ಮಾಡಿದವರು ಸುಮ್ಮನಿರುತ್ತಾರೆ ಎಂದೇ ನಾನು ಅರ್ಥ ಮಾಡಿಕೊಂಡೆ.

ಸೋಮವಾರ ಸಮಿತಿ ಸೇರಿತು. ಅಧ್ಯಕ್ಷರು ಕೆಲಸದಿಂದ ನಿವೃತ್ತರಾದ ಹಿರಿಯ ದೈಹಿಕ ಶಿಕ್ಷಕರು, ಈ ನಾಲ್ಕು ತಾಲ್ಲೂಕಿನ ಅರ್ಧ ಆಟಗಾರರಿಗೆ ಮೇಷ್ಟ್ರಾಗಿದ್ದವರು. ಎರಡನೆಯವರು ರೆಫರಿ. ಮೂರನೆಯವಳು ನಾನು. ಅಂಕಪಟ್ಟಿಯಲ್ಲಿ ಕೆ.ಆರ್. ನಗರಕ್ಕೆ ಏಳು, ಕೋಟೆಗೆ ಆರು. ಆ ಏಳರಲ್ಲಿ ಮೂರು, ಆಡದೆಯೇ ವಾಕೋವರಿನಿಂದ ಬಂದದ್ದು.

ಅಧ್ಯಕ್ಷರು ಹಾಳೆಯನ್ನು ಪಕ್ಕಕ್ಕೆ ಸರಿಸಿ, ಕೋಟೆಯ ತಂಡವನ್ನೇ ಕಳಿಸೋಣ ಎಂದರು. ಪಿರಿಯಾಪಟ್ಟಣದ ಮೇಲೆ ಕೋಟೆಯವರು ಸೋತದ್ದು ಒಂದೇ ಗೋಲಿಗೆ, ಅದೂ ಪೆನಾಲ್ಟಿ. ಅದೇ ತಂಡದ ಕೈಲಿ ಕೆ.ಆರ್. ನಗರದವರು ನಾಲ್ಕು ಗೋಲು ತಿಂದಿದ್ದಾರೆ. ಕೋಟೆಯವರು ಹುಣಸೂರಿನ ಎರಡೂ ತಂಡಗಳನ್ನು ಸಲೀಸಾಗಿ ಸೋಲಿಸಿದರು, ಕೆ.ಆರ್. ನಗರದವರು ನಮ್ಮ ತಂಡದ ಮೇಲೂ ಸಮ ಮಾಡಿಕೊಂಡು ಹೋದರು. ಮೈಸೂರಿನಲ್ಲಿ ಮರ್ಯಾದೆ ಉಳಿಸುವವರು ಯಾರು ಎಂದು ಕಣ್ಣಿಗೇ ಕಾಣುತ್ತಿದೆ ಎಂದರು.

ರೆಫರಿ ಒಪ್ಪಲಿಲ್ಲ. ನಾಲ್ಕು ಗೋಲು ಬಿದ್ದ ದಿನ ಕೆ.ಆರ್. ನಗರದ ಮುಖ್ಯ ಫಾರ್ವರ್ಡ್ ಹದಿನೈದನೇ ನಿಮಿಷಕ್ಕೇ ಕಾಲು ಉಳುಕಿ ಹೊರಗೆ ಬಂದಳು, ಆ ಪಂದ್ಯವನ್ನು ತಕ್ಕಡಿಗೆ ಹಾಕುವುದು ನ್ಯಾಯವಲ್ಲ ಎಂದರು. ಇಬ್ಬರದೂ ಸರಿ ಅನ್ನಿಸುವಂಥ ಮಾತೇ. ಚೆನ್ನಾಗಿ ಆಡುವ ತಂಡವನ್ನು ಕಳಿಸಬೇಕೋ, ಕಟ್ಟುನಿಟ್ಟಾಗಿ ಬಂದು ಆಡಿದ ತಂಡವನ್ನೋ ಎಂದು ಒಂದು ಗಂಟೆ ಚರ್ಚೆ ಆಯಿತು. ಅದನ್ನು ಮುಗಿಸಿದವಳು ನಾನು.

"ಸಾರ್, ಆಟ ಎಷ್ಟು ಚೆನ್ನಾಗಿದ್ದರೇನು? ಮೈದಾನಕ್ಕೇ ಬರದವರನ್ನ ಕಳಿಸಿದ್ರೆ, ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿ ಬಂದ ಮಕ್ಕಳಿಗೆ ನಾವೇನು ಹೇಳೋದು?"

ಅಧ್ಯಕ್ಷರು ಪಕ್ಕಕ್ಕೆ ಸರಿಸಿದ್ದ ಹಾಳೆಯನ್ನು ಮತ್ತೆ ಎಳೆದುಕೊಂಡು ನೋಡಿದರು. ಆಮೇಲೆ, "ಆ ಮಕ್ಕಳು ಬರದೇ ಇರೋವಂಥವಲ್ಲ ಕಣಮ್ಮ. ಯಾಕೆ ಬರಲಿಲ್ಲ ಅಂತ ಒಂದ್ಸಲ ಕೇಳಿದ್ಯಾ?" ಎಂದರು.

ಫೋನ್ ಮಾಡಿದೆ, ಸಿಗಲಿಲ್ಲ, ಇಮೇಲಿಗೂ ಉತ್ತರ ಇಲ್ಲ ಎಂದೆ. ನನ್ನ ದನಿಯಲ್ಲಿ ಅಷ್ಟು ಭರವಸೆ ಇತ್ತು. ಇಬ್ಬರು ಒಂದು ಕಡೆ ಆದೆವು, ಅಧ್ಯಕ್ಷರೂ ಸಹಿ ಹಾಕಿದರು. ಮೂರು ಗಂಟೆಗೆ ಪಟ್ಟಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಹೋಯಿತು.

ಮಂಗಳವಾರ ಅಲ್ಲಿಂದ ಗುಮಾಸ್ತರ ಫೋನ್ ಬಂತು. ವಾಕೋವರ್ ಕೊಟ್ಟ ಪಂದ್ಯವಿದ್ದರೆ, ವೇಳೆ ಬದಲಾದದ್ದು ಆ ತಂಡಕ್ಕೆ ತಿಳಿದಿತ್ತು ಎಂಬುದಕ್ಕೆ ದಾಖಲೆ ಲಗತ್ತಿಸಬೇಕಂತೆ. ವಾಟ್ಸಾಪ್ ಸಂದೇಶದ ಚಿತ್ರ ಕಳಿಸಿದರೂ ನಡೆಯುತ್ತದೆ ಎಂದರು. ಅದೇನು ಮಹಾ ಎಂದು ಗುಂಪು ತೆರೆದೆ. ಸಂದೇಶವನ್ನು ಒತ್ತಿ ಹಿಡಿದು, ಓದಿದವರು ಯಾರು ಯಾರು ಎಂದು ನೋಡಿದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಹುಣಸೂರಿನ ಇನ್ನೊಂದು ಕಾಲೇಜು, ರೆಫರಿ. ಅವರ ಕೆಳಗೆ, ಸಂದೇಶ ತಲುಪಿಯೇ ಇಲ್ಲದವರ ಸಾಲಿನಲ್ಲಿ ಒಂದೇ ಹೆಸರು: ‘ಕೋಟೆ ಪಿ.ಇ.’

ಆ ಹೆಸರಿನ ಕೆಳಗಿದ್ದ ನಂಬರನ್ನು ನೋಡುತ್ತಾ ನೋಡುತ್ತಾ ನನಗೆ ಅರ್ಥವಾಯಿತು. ಅದು ಕೋಟೆ ಕಾಲೇಜಿನ ಹಿಂದಿನ ದೈಹಿಕ ಶಿಕ್ಷಣ ನಿರ್ದೇಶಕರ ನಂಬರು. ಅವರು ವರ್ಷದ ಮೊದಲಲ್ಲೇ ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಬಂದಿದ್ದ ಅತಿಥಿ ಶಿಕ್ಷಕನ ನಂಬರು ನನ್ನ ಫೋನಿನಲ್ಲಿ ‘ಕೋಟೆ ಹೊಸ ಸಾರ್’ ಎಂದು ಬೇರೆ ಇತ್ತು. ಮೊದಲ ಮೂರು ಪಂದ್ಯಗಳ ಸಮಯವನ್ನು ಅವನಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಗುಂಪಿಗೆ ಅವನನ್ನು ಸೇರಿಸಬೇಕು, ಸೇರಿಸಬೇಕು ಅಂದುಕೊಂಡು ಸೇರಿಸಿರಲೇ ಇಲ್ಲ. ಗುರುವಾರ ಬೆಳಗ್ಗೆ ಅವಸರದಲ್ಲಿ ನಾನು ಕರೆ ಮಾಡಿದ್ದೂ ಹಳೆಯ ನಂಬರಿಗೇ.

ನಂಬಲಾಗದೆ ಕರೆಗಳ ಪಟ್ಟಿ ತೆಗೆದೆ. ಶುಕ್ರವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ‘ಕೋಟೆ ಹೊಸ ಸಾರ್’ನಿಂದ ಎರಡು ಕರೆ. ನಾನು ಎತ್ತಿರಲಿಲ್ಲ. ಅವತ್ತು ಆ ಹೆಸರು ನೋಡಿದ್ದು ನೆನಪಿತ್ತು. ಈಗ ನೆಪ ಹೇಳೋಕೆ ಮಾಡ್ತಿದ್ದಾನೆ ಅಂದುಕೊಂಡು ಫೋನನ್ನು ಬೋರಲು ಹಾಕಿದ್ದೂ ನೆನಪಿತ್ತು.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ರೆಫರಿಗೆ ಫೋನ್ ಮಾಡಿ ಹೇಳಿದೆ. ಅವರು ಒಳ್ಳೆಯವರು, ನನ್ನ ಮೇಲಿನ ವಿಶ್ವಾಸದಿಂದಲೇ ಒಂದು ದಾರಿ ತೋರಿಸಿದರು. ಗುಂಪಿನ ಸಂದೇಶದ ಚಿತ್ರ ಕಳಿಸಿಬಿಡಿ, ಯಾರು ಓದಿದ್ದಾರೆ ಯಾರು ಓದಿಲ್ಲ ಎಂದು ಅಲ್ಲಿ ಕೂತವರು ನೋಡಲ್ಲ, ಕೋಟೆಯವರೂ ಏನೂ ಕೇಳಿಲ್ಲವಲ್ಲ ಎಂದರು. ಸುಳ್ಳು ಯಾಕೆ ಹೇಳಲಿ, ಆ ಚಿತ್ರ ತೆಗೆದು ಇಮೇಲಿಗೆ ಸೇರಿಸಿಯೂ ಆಗಿತ್ತು. ಕಳಿಸುವ ಗುಂಡಿ ಒತ್ತಲು ಆಗಲಿಲ್ಲ. ಧರ್ಮಬುದ್ಧಿ ಅಂತಲ್ಲ, ಅಧ್ಯಕ್ಷರು ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು. ಹೊಸ ನಂಬರಿಗೆ ಫೋನ್ ಮಾಡುವ ಧೈರ್ಯವೂ ಬರಲಿಲ್ಲ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಕೋಟೆಗೆ ಹೋದೆ.

ಹುಡುಗಿಯರು ಮೈದಾನದಲ್ಲಿದ್ದರು. ಅವರ ಪಾಲಿಗೆ ಪಂದ್ಯಾವಳಿ ಮುಗಿದು ವಾರವಾಗುತ್ತಾ ಬಂದಿತ್ತು. ಆದರೂ ತರಬೇತುದಾರ ಎರಡು ಕಲ್ಲುಗಳ ನಡುವೆ ಚೆಂಡು ಸಾಗಿಸುವ ಅಭ್ಯಾಸ ಮಾಡಿಸುತ್ತಿದ್ದ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನವನು. ನನ್ನನ್ನು ಕಂಡು ಓಡಿ ಬಂದು, ಮರದ ಕೆಳಗೆ ಒಂದು ಕುರ್ಚಿ ತರಿಸಿ ಹಾಕಿದ. ಆ ಮರ್ಯಾದೆಯೇ ನನಗೆ ಕಷ್ಟವಾಯಿತು.

ಸುತ್ತಿಬಳಸದೆ ಹೇಳಿದೆ. ಗುರುವಾರ ಪಂದ್ಯವಿತ್ತು, ನಿಮಗೆ ತಿಳಿಸಬೇಕಾದವಳು ನಾನು, ತಿಳಿಸಿಲ್ಲ, ತಪ್ಪು ನನ್ನದು ಎಂದೆ. ಅವನಿಗೆ ಆಶ್ಚರ್ಯವಾಗುತ್ತದೆ, ಸಿಟ್ಟು ಬರುತ್ತದೆ ಎಂದು ಕಾದೆ. ಎರಡೂ ಆಗಲಿಲ್ಲ. ಅವನು ನೆಲ ನೋಡುತ್ತಾ ನಿಂತಿದ್ದ.

"ನಾವು ಶುಕ್ರವಾರ ಬಂದಿದ್ದೋ ಮೇಡಂ," ಎಂದ.

ನನಗೆ ಮೊದಲು ತಿಳಿಯಲಿಲ್ಲ. ಎಲ್ಲಿಗೆ ಎಂದು ಕೇಳಿದೆ.

"ನಿಮ್ಮ ಕಾಲೇಜ್ಗೇ. ಎರಡೂವರೆಗೆ ಹದಿಮೂರು ಜನಾನೂ ಗೇಟ್ ತಾವ ನಿಂತಿದ್ದೋ. ಶಾಮಿಯಾನ ಹಾಕಿತ್ತು. ವಾಚ್‌ಮನ್ನು, ಮ್ಯಾಚು ನಿನ್ನೇನೇ ಮುಗೀತು ಅಂದ್ರು. ನೀವು ಸ್ಟೇಜ್ ಮೇಲಿದ್ರಿ. ಫೋನ್ ಮಾಡ್ದೆ."

ಪಕ್ಕದಲ್ಲಿ ಬಂದು ನಿಂತಿದ್ದ ತಂಡದ ನಾಯಕಿ ಉಳಿದದ್ದನ್ನು ಹೇಳಿದಳು. ಗೋಲ್‌ಕೀಪರ್, ಗಟ್ಟಿಮುಟ್ಟಾದ ಹುಡುಗಿ, ಕೈಗವಸು ಇನ್ನೂ ತೆಗೆದಿರಲಿಲ್ಲ.

"ನೀವು ಫೋನ್ ನೋಡುದ್ರಿ ಮೇಡಂ. ನಮ್ ಕಡೀಕೂ ನೋಡುದ್ರಿ. ನೋಡ್ಬುಟ್ಟು ಆ ಕಡೆ ತಿರುಕ್ಕಂಡ್ರಿ."

ಅದು ನಿಜ. ವೇದಿಕೆಯ ಮೇಲೆ ಹೂಗುಚ್ಛಗಳನ್ನು ಸಾಲಾಗಿ ಜೋಡಿಸುತ್ತಾ ತಲೆಯೆತ್ತಿದಾಗ ಗೇಟಿನ ಹತ್ತಿರ ಹಳದಿ ಜೆರ್ಸಿಯ ಹುಡುಗಿಯರ ಗುಂಪೊಂದು ಕಂಡಿತ್ತು. ಯಾವುದೋ ಹೈಸ್ಕೂಲಿನ ಮಕ್ಕಳು ಕಾರ್ಯಕ್ರಮ ನೋಡಲು ಬಂದಿರಬೇಕು ಎಂದುಕೊಂಡಿದ್ದೆ. ಮೂರು ಪಂದ್ಯಗಳಲ್ಲಿ ಅದೇ ಜೆರ್ಸಿಯನ್ನು ಗೆರೆಯ ಪಕ್ಕ ನಿಂತು ನೋಡಿದ್ದವಳು ನಾನು. ಆದರೂ ಅವರು ಇವರೇ ಎಂದು ಹೊಳೆಯಲಿಲ್ಲ. ಬರಲಿಲ್ಲ ಎಂದು ಹಿಂದಿನ ದಿನವೇ ಬರೆದಿಟ್ಟಿದ್ದೆನಲ್ಲ, ಬಂದವರು ಕಣ್ಣಿಗೆ ಬಿದ್ದರೂ ಕಾಣಲಿಲ್ಲ.

ಹಾಗಾದರೆ ಯಾಕೆ ತಕರಾರು ಕೊಡಲಿಲ್ಲ, ಒಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತಲ್ಲ ಎಂದು ತರಬೇತುದಾರನನ್ನು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ದೂರೂ ಇತ್ತೇನೋ.

"ಬೇಕು ಅಂತ್ಲೇ ಬುಟ್ಟವ್ರೆ ಅನ್ಕಂಡೋ ಮೇಡಂ," ಎಂದ. ಸಿಟ್ಟಿಲ್ಲದೆ, ಮಳೆ ಬಂತು ಅನ್ನುವ ಹಾಗೆ ಹೇಳಿದ. "ನಮ್ಮೂರ ಕಡೆ ಮಕ್ಳಿಗೆ ಇದೇನು ಒಸದಲ್ಲ."

ಶನಿವಾರ ಅವರ ಕಚೇರಿಯಲ್ಲಿ ನನ್ನ ಇಮೇಲ್ ತೆರೆದಾಗ, ಕಾಲೇಜಿನ ಮಾನ ಕಳೆದೆ ಎಂದು ಅವನನ್ನು ನಿಲ್ಲಿಸಿ ಬೈದಿದ್ದರಂತೆ. ಶುಕ್ರವಾರ ಹೋಗಿದ್ದೆವು ಎಂದು ಅವನು ಹೇಳಿದರೂ, ಪಂದ್ಯ ಗುರುವಾರ ಎಂದು ಬರೆದಿದೆಯಲ್ಲ ಎಂದು ಕಾಗದ ತೋರಿಸಿದರಂತೆ. ನಾನು ಬರೆದ ಒಂದು ಸಾಲಿನ ಮುಂದೆ ಅವನ ಮಾತು ನಡೆಯಲಿಲ್ಲ.

ನನಗೆ ದೊಡ್ಡ ಆಘಾತವಾದದ್ದು ಫೋನಿನಲ್ಲಿ ಆ ನಂಬರು ಕಂಡಾಗಲ್ಲ, ಈ ಮರದ ಕೆಳಗೆ. ನನ್ನ ತಪ್ಪು ಒಂದು ಮರೆವು. ಆದರೆ ಅವರು ಅದನ್ನು ಮರೆವು ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಯೋಚಿಸುವಂಥ ಕಾರಣ ಅವರಿಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ.

ಅಲ್ಲೇ ಕುರ್ಚಿಯಲ್ಲಿ ಕೂತು, ತರಬೇತುದಾರನ ಹತ್ತಿರ ಎರಡು ಬಿಳಿ ಹಾಳೆ ಇಸಕೊಂಡು ಎರಡು ಪ್ರತಿ ಬರೆದೆ. ಪಂದ್ಯದ ವೇಳೆ ಬದಲಾದದ್ದನ್ನು ಕೋಟೆ ತಂಡಕ್ಕೆ ನಾನು ತಿಳಿಸಿಲ್ಲ. ವಾಕೋವರ್ ರದ್ದು ಮಾಡಬೇಕು, ಕಳಿಸಿರುವ ಪಟ್ಟಿಯನ್ನು ತಡೆಹಿಡಿಯಬೇಕು. ಹೊಣೆ ನನ್ನೊಬ್ಬಳದು. ಒಂದು ಪ್ರತಿ ಅವರ ಪ್ರಿನ್ಸಿಪಾಲರ ಕೈಗೇ ಕೊಟ್ಟು, ಆ ಹುಡುಗನ ತಪ್ಪಿಲ್ಲ ಎಂದು ಬಾಯಲ್ಲೂ ಹೇಳಿದೆ. ಇನ್ನೊಂದರ ಚಿತ್ರವನ್ನು ಅಲ್ಲಿಂದಲೇ ಕ್ರೀಡಾ ವಿಭಾಗಕ್ಕೆ ಕಳಿಸಿದೆ. ಗುಮಾಸ್ತರು ಫೋನಿನಲ್ಲಿ ಗೊಣಗಿದರು. ಶನಿವಾರ ಸಂಜೆ ಐದರವರೆಗೆ ಸಮಯ, ಅಷ್ಟರೊಳಗೆ ಏನಾದರೂ ಮಾಡಿಕೊಳ್ಳಿ ಎಂದರು.

ಗುರುವಾರ ಸಮಿತಿ ಮತ್ತೆ ಸೇರಿತು. ಈ ಸಲ ಎರಡೂ ತಂಡದ ತರಬೇತುದಾರರನ್ನು ಕರೆದಿದ್ದೆವು. ಒಂದು ಪಂದ್ಯ ಆಡಿಸಿ ತೀರ್ಮಾನ ಮಾಡೋಣ ಎಂಬುದು ನನ್ನ ಮನವಿ. ಕೆ.ಆರ್. ನಗರದ ತರಬೇತುದಾರರು ನನ್ನಷ್ಟೇ ಅನುಭವದವರು, ಎಷ್ಟೋ ವರ್ಷದ ಪರಿಚಯ. ಅವತ್ತು ಪರಿಚಯ ತೋರಿಸಲಿಲ್ಲ.

"ನನ್ನ ಮಕ್ಕಳು ಹೇಳಿದ ದಿನ ಬಂದರು, ಹೇಳಿದ ಹೊತ್ತಿಗೆ ಬಂದರು. ಆಯ್ಕೆ ಆಗಿದ್ದೀರಿ ಅಂತ ನೀವೇ ಹೇಳಿದ್ರಿ. ಈಗ ನಿಮ್ಮ ತಪ್ಪಿಗೆ ಅವರು ಯಾಕೆ ಇನ್ನೊಂದು ಸಲ ಪರೀಕ್ಷೆ ಕೊಡಬೇಕು ಮೇಡಂ?"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸೋಮವಾರ ನಾನು ಆಡಿದ್ದೂ ಅದೇ ಮಾತು. ಕೋಣೆಯಲ್ಲಿದ್ದ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕೋಟೆಯ ಹುಡುಗ ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದ.

ಅಧ್ಯಕ್ಷರೇ ಬಾಯಿ ತೆರೆದರು. ತಿಳಿಸದೆ ಇದ್ದ ಪಂದ್ಯಕ್ಕೆ ವಾಕೋವರ್ ಇಲ್ಲ, ಅದು ನಿಯಮ, ಅದರಲ್ಲಿ ಚರ್ಚೆಯೂ ಇಲ್ಲ ಎಂದರು. ವಾಕೋವರ್ ತೆಗೆದರೆ ಕೋಟೆಗೆ ಆರು ಅಂಕ, ಕೆ.ಆರ್. ನಗರಕ್ಕೆ ನಾಲ್ಕು. ಪಂದ್ಯ ಬೇಡ ಎನ್ನುವುದಾದರೆ ಆಡಿರುವುದನ್ನೇ ನೋಡಿ ಕೋಟೆಯನ್ನು ಕಳಿಸುತ್ತೇವೆ. ಆಡುವುದಾದರೆ ಶನಿವಾರ ಬೆಳಗ್ಗೆ ಹತ್ತಕ್ಕೆ, ಗೆದ್ದವರು ಮೈಸೂರಿಗೆ, ಸಮವಾದರೆ ಕೋಟೆ. ಯೋಚಿಸಿ ಹೇಳಿ ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಕೆ.ಆರ್. ನಗರದವರು ಹೊರಗೆ ಹೋಗಿ ತಮ್ಮ ತಂಡದ ನಾಯಕಿಗೆ ಫೋನ್ ಮಾಡಿ ಬಂದರು. "ಆಡ್ತೀವಿ ಅಂತವೆ," ಎಂದಷ್ಟೇ ಹೇಳಿ ಹಾಳೆಗೆ ಸಹಿ ಹಾಕಿದರು. ಹೋಗುವಾಗ ನನ್ನ ಕಡೆ ತಿರುಗಲಿಲ್ಲ.

ಕೋಟೆಯ ತರಬೇತುದಾರನಿಗೆ ಸಮಯವನ್ನು ಮೂರು ಸಲ ಹೇಳಿದೆ. ಬರೆದೂ ಕೊಟ್ಟೆ.

ಶನಿವಾರ ಮಳೆ ಇರಲಿಲ್ಲ, ನೆಲ ಮಾತ್ರ ಹಸಿಯಾಗಿತ್ತು. ಶಾಮಿಯಾನದ ಗೂಟಗಳು ಬಿಟ್ಟುಹೋದ ಗುಂಡಿಗಳಿಗೆ ಬೆಳಗ್ಗೆ ಏಳಕ್ಕೇ ಮಣ್ಣು ತುಂಬಿಸಿ ತುಳಿಸಿದೆ, ಸುಣ್ಣದ ಗೆರೆಗಳನ್ನು ನಾನೇ ಎಳೆದೆ. ಒಂಬತ್ತಕ್ಕೆ ಎರಡೂ ತಂಡ ಬಂದಿದ್ದವು.

ಮೊದಲರ್ಧ ಪೂರ್ತಿ ಕೋಟೆಯವರದು. ಚೆಂಡು ಕೆ.ಆರ್. ನಗರದ ಅಂಗಳ ಬಿಟ್ಟು ಬರಲೇ ಇಲ್ಲ. ಎರಡು ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋದವು. ಅಧ್ಯಕ್ಷರು ನನ್ನ ಪಕ್ಕದಲ್ಲಿ ಕೂತು ಒಂದೂ ಮಾತಾಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಎರಡನೆಯ ಅರ್ಧದಲ್ಲಿ ಕೆ.ಆರ್. ನಗರದವರು ಮೆಲ್ಲಗೆ ಹಿಡಿತ ಕಂಡುಕೊಂಡರು. ಅವರು ಗೆಲ್ಲಲೇಬೇಕಿತ್ತು. ಕೋಟೆಗೆ ಸಮ ಆದರೂ ಸಾಕು. ಮುಗಿಯಲು ಆರು ನಿಮಿಷ ಇದ್ದಾಗ ಕಾರ್ನರ್ ಸಿಕ್ಕಿತು. ಕಾಲು ಉಳುಕಿಸಿಕೊಂಡಿದ್ದ ಆ ಫಾರ್ವರ್ಡ್, ಚುಂಚನಕಟ್ಟೆಯ ಹುಡುಗಿ, ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟಳು. ಕೋಟೆಯ ಗೋಲ್‌ಕೀಪರ್ ಪೂರ್ತಿ ಚಾಚಿಕೊಂಡು ಬಿದ್ದರೂ ಚೆಂಡು ಅವಳ ಬೆರಳ ತುದಿ ಸವರಿ ಒಳಗೆ ಹೋಯಿತು.

ಉಳಿದ ಆರು ನಿಮಿಷ ಕೋಟೆಯವರು ಹನ್ನೊಂದು ಜನವೂ ಮುಂದೆ ನುಗ್ಗಿದರು. ಗೋಲು ಬರಲಿಲ್ಲ. ಒಂದು–ಸೊನ್ನೆ.

ಸಂಜೆ ಕಳಿಸಬೇಕಾದ ಪಟ್ಟಿ, ಸೋಮವಾರ ಕಳಿಸಿದ ಪಟ್ಟಿಯೇ ಆಗಿತ್ತು. ಅವೇ ಎರಡು ಹೆಸರು. ನಮ್ಮ ಕಾಲೇಜಿನ ಒಬ್ಬ ಸಹೋದ್ಯೋಗಿ, ಸುಮ್ಮನೆ ಇಷ್ಟೆಲ್ಲ ರಾದ್ಧಾಂತ ಮಾಡಿಕೊಂಡ್ರಿ, ಮೆಮೋ ಬೇರೆ ಬರುತ್ತೆ ನೋಡಿ ಎಂದರು. ಮೆಮೋ ಬಂತು. ಅದು ಆಮೇಲಿನ ಮಾತು.

ಅವತ್ತು ಪಂದ್ಯ ಮುಗಿದ ಮೇಲೆ ಎರಡೂ ತಂಡಕ್ಕೆ ಕಾರಿಡಾರಿನಲ್ಲಿ ಊಟಕ್ಕೆ ಹಾಕಿಸಿದ್ದೆ. ಕೋಟೆಯ ಹುಡುಗಿಯರು ಗೋಡೆಗೊರಗಿ ಕೂತು, ಮಂಡಿಯ ಮೇಲೆ ಒಣಗಿದ ಕೆಸರು ಹಾಗೇ ಇಟ್ಟುಕೊಂಡು, ಮಾತಿಲ್ಲದೆ ಉಣ್ಣುತ್ತಿದ್ದರು. ಕೆಲವರ ಕಣ್ಣು ಕೆಂಪಾಗಿತ್ತು. ನಾನೇ ಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಹೋದೆ. ಚೆನ್ನಾಗಿ ಆಡಿದ್ರಿ ಅನ್ನುವುದಕ್ಕೂ ನಾಚಿಕೆಯಾಯಿತು.

ಬಸ್ಸಿಗೆ ಹೊರಡುವ ಮುಂಚೆ ನಾಯಕಿ ನನ್ನ ಮೇಜಿನ ಹತ್ತಿರ ಬಂದಳು. ನಾನು ಪಂದ್ಯದ ಹಾಳೆ ತುಂಬುತ್ತಿದ್ದೆ. ಸಮಾಧಾನ ಮಾಡೋಣವೆಂದು ಎದ್ದು ನಿಂತೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ. ಹಾಳೆಯ ಕಡೆ ಕೈ ತೋರಿಸಿದಳು.

"ಇವತ್ತು ಸೋತ್ವಿ ಮೇಡಂ," ಎಂದಳು. "ಅವತ್ತು ಸೋತಿರ್ನಿಲ್ಲ. ಅಂಗಂತ ಬರ್ಕಳಿ."

ನಾನು ಬರೆದುಕೊಳ್ಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.